ಗುಲ್ಮ ಮತ್ತು ಕೆಂಪು ರಕ್ತಕಣ: ಬಳ್ಳಾರಿ ಸೀಮೆಯ ಪಶ್ಚಿಮ ತಾಲ್ಲೂಕುಗಳ ಹಿನ್ನೆಲೆಯಲ್ಲಿ

ಗುಲ್ಮ: ಹೊಟ್ಟೆಯ ಎಡ ಮೇಲ್ಭಾಗದಲ್ಲಿ, ವಪೆಯ ಕೆಳಗೆ, 9ರಿಂದ 11ನೆಯ ಪಕ್ಕೆಲುಬುಗಳ ಮರೆಯಲ್ಲಿರುವ ಮೆತ್ತನೆಯ ಅಂಗ, ಬಣ್ಣ ನೇರಳೆಗೆಂಪು. ಪ್ಲೀಹ ಎಂಬುದು ಇದರ ಇನ್ನೊಂದು ಹೆಸರು. ವಯಸ್ಕರಲ್ಲಿ ಸುಮಾರು 150 ಗ್ರಾಂ ತೂಗುತ್ತದೆ, ಮುಷ್ಟಿಗಾತ್ರದ್ದು. ಸೋಂಕಿನ ವಿರುದ್ಧ ರಕ್ಷಣೆ ಮತ್ತು ರಕ್ತದ ಶೋಧನೆ ಇದರ ಎರಡು ಮುಖ್ಯ ಕೆಲಸಗಳು. ಮುದಿಯಾದ, ಬಿರುಸಾದ, ರೋಗಾಣು ಹೊಕ್ಕ ಕೆಂಪು ಕಣಗಳನ್ನು ಗುರುತಿಸಿ ತೆಗೆಯುವುದು, ತಿದ್ದಬಹುದಾದವನ್ನು ತಿದ್ದಿ ಬಿಡುವುದು, ತೆಗೆದ ಕಣಗಳ ಕಬ್ಬಿಣವನ್ನು ಮಜ್ಜೆಗೆ ಮರಳಿಸುವುದು ಇವೆಲ್ಲ ಶೋಧನೆಯಲ್ಲಿ ಸೇರುತ್ತವೆ. ಹೊರಗಿನ ನೀರು, ಸೊಳ್ಳೆ, ಊಟ, ವಂಶ ಎಲ್ಲವೂ ಕೆಂಪು ಕಣದ ಮೂಲಕ ಗುಲ್ಮವನ್ನು ಮುಟ್ಟುತ್ತವೆ. ಹಾಗಾಗಿ ಒಂದು ಸೀಮೆಯ ಜನರ ಗುಲ್ಮದ ಗಾತ್ರವೇ ಆ ಸೀಮೆಯ ಆರೋಗ್ಯದ ಅಳತೆಗೋಲಾಗಿದ್ದ ಕಾಲವೂ ಇತ್ತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿಗಳನ್ನು ಬಳ್ಳಾರಿಯ ಜನ ಇಂದಿಗೂ ‘ಪಶ್ಚಿಮ ತಾಲ್ಲೂಕುಗಳು’ ಎನ್ನುತ್ತಾರೆ. 1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಮದ್ರಾಸ್ ಆಡಳಿತದಲ್ಲಿತ್ತು. ಆಮೇಲೆ ಮೈಸೂರಿಗೆ ಸೇರಿತು. ಹರಪನಹಳ್ಳಿ 1997ರಿಂದ ಕೆಲವು ವರ್ಷ ದಾವಣಗೆರೆ ಜಿಲ್ಲೆಯಲ್ಲಿತ್ತು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿಕೊಂಡು ವಿಜಯನಗರ ಜಿಲ್ಲೆ ರೂಪುಗೊಂಡಾಗ ಐದೂ ತಾಲ್ಲೂಕುಗಳು ಅದರೊಳಗೆ ಬಂದವು. ಮಳೆಯಾಶ್ರಿತ ಜೋಳ, ಮೆಕ್ಕೆಜೋಳ, ಶೇಂಗಾ ಬೆಳೆಯುವ ನೆಲ, ಕುರಿ ಸಾಕಣೆ, ಒಂದು ಅಂಚಿನಲ್ಲಿ ತುಂಗಭದ್ರೆ ಮತ್ತು ಅದರ ಜಲಾಶಯದ ಹಿನ್ನೀರು, ಬರಗಾಲದಲ್ಲಿ ಗುಳೆ ಹೋಗುವ ಕುಟುಂಬಗಳು ಈ ಸೀಮೆಯ ಗುರುತುಗಳು. ಗುಲ್ಮದ ಕಥೆಯಲ್ಲಿ ಇವೆಲ್ಲಕ್ಕೂ ಪಾಲಿದೆ.

ಹೆಸರು

ಸಂಸ್ಕೃತದಲ್ಲಿ ಗುಲ್ಮ ಎಂದರೆ ಪೊದೆ, ಗಂಟು. ಅಮರಕೋಶ ಗುಲ್ಮ ಮತ್ತು ಪ್ಲೀಹಗಳನ್ನು ಒಂದೇ ಅಂಗದ ಹೆಸರುಗಳಾಗಿ ಹೇಳುತ್ತದೆ. ಆಯುರ್ವೇದದಲ್ಲಿ ಮಾತ್ರ ‘ಗುಲ್ಮ ರೋಗ’ ಎಂದರೆ ಹೊಟ್ಟೆಯೊಳಗಿನ ಗಂಟು. ಅಂಗಕ್ಕೆ ಅಲ್ಲಿ ಪ್ಲೀಹಾ ಎಂಬ ಮಾತೇ ಬಳಕೆಯಲ್ಲಿದೆ, ಅದು ಹಿಗ್ಗಿ ಹೊಟ್ಟೆ ಉಬ್ಬಿದರೆ ಪ್ಲೀಹೋದರ. ಹಳೆಯ ವೈದ್ಯ ಗ್ರಂಥಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿರಬೇಕು. ರಕ್ತವನ್ನು ಹೊರುವ ನಾಳಗಳಿಗೆ ಯಕೃತ್ತು ಮತ್ತು ಪ್ಲೀಹ ಮೂಲ ಎಂದು ಚರಕ ಸಂಹಿತೆ ಹೇಳಿದೆ. ಪದೇ ಪದೇ ಚಳಿಜ್ವರ ಬಂದವರ ಎಡ ಪಕ್ಕೆಯ ಕೆಳಗೆ ಕೈಗೆ ಸಿಗುವ ಗಟ್ಟಿ ಗಡ್ಡೆಗೆ ಕನ್ನಡದಲ್ಲಿ ‘ಜ್ವರಗಡ್ಡೆ’ ಎಂಬ ಹಳೆಯ ಮಾತಿದೆ. ಗಡ್ಡೆಗೂ ಜ್ವರಕ್ಕೂ ನಂಟಿದೆ ಎಂಬುದು ಜನಕ್ಕೆ ಗೊತ್ತಿತ್ತು ಎಂಬುದನ್ನು ಆ ಹೆಸರೇ ಹೇಳುತ್ತದೆ. ಸಂತೆಯ ಮಾಂಸದ ಅಂಗಡಿಯಲ್ಲಿ ಇದು ‘ತಿಲ್ಲಿ’.

ರಚನೆ

ಕುರಿ ಕೊಯ್ದ ಅಂಗಡಿಯಲ್ಲಿ ತಿಲ್ಲಿಯನ್ನು ಕೈಗೆತ್ತಿಕೊಂಡರೆ ಅಂಗದ ಅರ್ಧ ಪಾಠ ಅಲ್ಲೇ ಆಗುತ್ತದೆ. ಚಪ್ಪಟೆಯಾದ, ಹೆಚ್ಚುಕಡಿಮೆ ಮೂರು ಮೂಲೆಯ, ಕಡು ನೇರಳೆ ಬಣ್ಣದ ತುಂಡು. ಮೇಲೆ ತೆಳುವಾದ, ನುಣುಪಾದ ಪೊರೆ. ಕೊಯ್ದರೆ ಒಳಗೆ ನೆನೆದ ಸ್ಪಂಜಿನಂತೆ ರಕ್ತ ತುಂಬಿದ ಕೆಂಪು ತಿರುಳು, ಅದರ ನಡುನಡುವೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು. ಮನುಷ್ಯರ ಗುಲ್ಮದ ಆಕಾರ ಬೇರೆ, ಒಳಗಿನ ಏರ್ಪಾಡು ಬಹುಮಟ್ಟಿಗೆ ಹೀಗೆಯೇ. ಬಿಳಿ ಚುಕ್ಕೆಗಳು ಬಿಳಿ ತಿರುಳು: ರೋಗನಿರೋಧಕ ಬಿಳಿ ಕಣಗಳ ಗುಂಪುಗಳು. ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ 1666ರಲ್ಲಿ ಇವನ್ನು ವರ್ಣಿಸಿದ. ಉಳಿದದ್ದೆಲ್ಲ ಕೆಂಪು ತಿರುಳು. ಕೆಂಪು ಕಣಗಳ ತಪಾಸಣೆ ನಡೆಯುವುದು ಅಲ್ಲಿ.

ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಶೇ. 5ರಷ್ಟು ಗುಲ್ಮಕ್ಕೆ ಹೋಗುತ್ತದೆ. ಒಳಗೆ ಎರಡು ದಾರಿಗಳಿವೆ. ಹೆಚ್ಚಿನ ಪಾಲು ರಕ್ತ ನೇರ ದಾರಿಯಲ್ಲಿ ಬೇಗ ಹೊರಬೀಳುತ್ತದೆ. ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ನಾಳದ ಗೋಡೆಯ ಆಸರೆಯಿಲ್ಲದ ನಿಧಾನದ ದಾರಿ ಹಿಡಿಯುತ್ತದೆ. ಇಲ್ಲಿ ಲೋಮನಾಳಗಳ ಬಾಯಿ ತೆರೆದಿದ್ದು, ಕಣಗಳು ಭಕ್ಷಕ ಕೋಶಗಳು ಕಾದು ಕುಳಿತ ಜಾಲರಿಯೊಳಕ್ಕೆ ಬೀಳುತ್ತವೆ. ಮತ್ತೆ ರಕ್ತಪ್ರವಾಹ ಸೇರಬೇಕಾದರೆ ಅಭಿಧಮನಿಯ ಗೂಡುಗಳ ಗೋಡೆಯಲ್ಲಿರುವ ಸೀಳುಗಳ ಮೂಲಕ ನುಸುಳಲೇಬೇಕು. ಪೀಪಾಯಿಯ ಹಲಗೆಗಳಂತೆ ಉದ್ದುದ್ದ ಜೋಡಿಸಿದ ಕೋಶಗಳ ಸಂದುಗಳೇ ಈ ಸೀಳುಗಳು. ಅಗಲ ಹೆಚ್ಚೆಂದರೆ ಒಂದು ಮೈಕ್ರೋಮೀಟರ್ ಆಸುಪಾಸು. ನುಸುಳಬೇಕಾದ ಕಣದ ಅಡ್ಡಳತೆ ಏಳೂವರೆ, ಎಂಟು ಮೈಕ್ರೋಮೀಟರ್.

ಕೆಂಪು ಕಣದ ಬದುಕು

ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಕೆಂಪು ಕಣ ರಕ್ತಕ್ಕೆ ಬರುವ ಮುನ್ನ ತನ್ನ ಕೋಶಕೇಂದ್ರವನ್ನು ಹೊರದೂಡುತ್ತದೆ. ಹೊಸ ಪ್ರೋಟೀನು ತಯಾರಿಸುವ, ಹರಿದ ಪೊರೆ ಹೊಲಿದುಕೊಳ್ಳುವ ಶಕ್ತಿ ಆಮೇಲೆ ಅದಕ್ಕಿಲ್ಲ. ಮಜ್ಜೆ ಕಟ್ಟಿಕೊಟ್ಟ ಬುತ್ತಿಯಲ್ಲೇ ಸುಮಾರು 120 ದಿನ ದುಡಿಯಬೇಕು. ನಡುವೆ ತಗ್ಗಿದ ಬಿಲ್ಲೆಯ ಆಕಾರ ಇದಕ್ಕೆ ಅನುಕೂಲ: ಒಳಗಿನ ಸಾರಕ್ಕೆ ಬೇಕಾದ್ದಕ್ಕಿಂತ ಪೊರೆ ಹೆಚ್ಚಾಗಿರುವುದರಿಂದ, ಅರ್ಧ ತುಂಬಿದ ಚೀಲದಂತೆ ಕಣ ಬಾಗುತ್ತದೆ, ಮಡಚಿಕೊಳ್ಳುತ್ತದೆ. ಪೂರ್ತಿ ತುಂಬಿ ಬಾಯಿ ಕಟ್ಟಿದ ಚೀಲ ಕಿಂಡಿಯಲ್ಲಿ ತೂರದು. ವಯಸ್ಸಾದಂತೆ ಕಣ ಚೂರುಚೂರಾಗಿ ಪೊರೆ ಕಳೆದುಕೊಂಡು, ಕುಗ್ಗಿ, ಗುಂಡಾಗಿ, ಬಿರುಸಾಗುತ್ತದೆ.

ವಯಸ್ಕರ ದೇಹದಲ್ಲಿ ಸುಮಾರು 25 ಲಕ್ಷ ಕೋಟಿ ಕೆಂಪು ಕಣಗಳಿವೆ. 120 ದಿನಕ್ಕೆ ಅಷ್ಟೂ ಬದಲಾಗಬೇಕೆಂದರೆ ದಿನಕ್ಕೆ ಸುಮಾರು 20 ಸಾವಿರ ಕೋಟಿ, ಸೆಕೆಂಡಿಗೆ 20 ಲಕ್ಷಕ್ಕೂ ಮೇಲ್ಪಟ್ಟು ಕಣಗಳು ಹಳತಾಗಿ ಹೋಗುತ್ತವೆ, ಅಷ್ಟೇ ಹೊಸವು ಬರುತ್ತವೆ. ಹಳೆಯವು ನಾಳದೊಳಗೆ ಒಡೆದು ಹಿಮೋಗ್ಲೋಬಿನ್ ಚೆಲ್ಲಿದರೆ ಮೂತ್ರಪಿಂಡಕ್ಕೆ ಕುತ್ತು. ಅವನ್ನು ಸದ್ದಿಲ್ಲದೆ ಒಳಗೆಳೆದು ಅರಗಿಸುವ ಜಾಗಗಳಲ್ಲಿ ಗುಲ್ಮ ಮುಖ್ಯವಾದದ್ದು. ಯಕೃತ್ತು ಮತ್ತು ಮಜ್ಜೆಗಳಲ್ಲಿರುವ ಭಕ್ಷಕ ಕೋಶಗಳೂ ಇದರಲ್ಲಿ ಕೈಜೋಡಿಸುತ್ತವೆ.

ಶೋಧನೆಯ ಮೂರು ಹಂತ

ಜೋಳದ ಕಣದಲ್ಲಿ ರಾಶಿಯನ್ನು ಮೊದಲು ಗಾಳಿಗೆ ತೂರಿ ಹೊಟ್ಟು ಬಿಡಿಸುತ್ತಾರೆ, ಜರಡಿ ಹಿಡಿಯುತ್ತಾರೆ, ಕೊನೆಗೆ ಮೊರದಲ್ಲಿ ಕೇರಿ ಕಲ್ಲು ಆರಿಸುತ್ತಾರೆ. ರಕ್ತಕಣಕ್ಕೂ ಇಂಥ ಹಲವು ಹಂತದ ಸಂಸ್ಕಾರವಿದೆ. ಅಮೆರಿಕದ ರಕ್ತತಜ್ಞ ವಿಲಿಯಂ ಕ್ರಾಸ್ಬಿ 1950ರ ದಶಕದಲ್ಲಿ ಗುಲ್ಮದ ಈ ಕೆಲಸಗಳನ್ನು ಬಿಡಿಸಿ ಹೆಸರಿಟ್ಟ.

ಮೊದಲನೆಯದು ಹದ ಮಾಡುವುದು. ಮಜ್ಜೆಯಿಂದ ಆಗಷ್ಟೇ ಬಂದ ಎಳೆಯ ಕಣಗಳು ಒರಟಾಗಿ, ಅಗತ್ಯಕ್ಕಿಂತ ಹೆಚ್ಚು ಪೊರೆ ಹೊತ್ತಿರುತ್ತವೆ. ಇವು ಗುಲ್ಮದಲ್ಲಿ ಸ್ವಲ್ಪ ಕಾಲ ತಂಗಿ, ಹೆಚ್ಚುವರಿ ಪೊರೆ ಮತ್ತು ಒಳಗಿನ ಅಳಿದುಳಿದ ಚೂರುಗಳನ್ನು ಕಳೆದುಕೊಂಡು ನಯವಾದ ಬಿಲ್ಲೆಗಳಾಗುತ್ತವೆ.

ಎರಡನೆಯದು ಆರಿಸಿ ತೆಗೆಯುವುದು. ಬಿರುಸಾದ ಕಣ ಸೀಳಿನಲ್ಲಿ ನುಸುಳಲಾರದೆ ಜಾಲರಿಯಲ್ಲೇ ಉಳಿಯುತ್ತದೆ. ಹಾಗೆ ತಡವಾದಷ್ಟೂ ಭಕ್ಷಕ ಕೋಶಕ್ಕೆ ಅದನ್ನು ಮುಟ್ಟಿ ನೋಡಲು ಬಿಡುವು ಸಿಗುತ್ತದೆ. ಗುರುತುಗಳು ಹಲವು: ಪೊರೆಯ ಒಳಮೈಯಲ್ಲಿ ಇರಬೇಕಾದ ಫಾಸ್ಫಟಿಡೈಲ್‌ಸೆರೀನ್ ಹೊರಮೈಗೆ ಬಂದಿರುವುದು, ಪ್ರತಿಕಾಯಗಳು ಅಂಟಿರುವುದು, ‘ನನ್ನನ್ನು ತಿನ್ನಬೇಡ’ ಎಂದು ಸಾರುವ ಸಿಡಿ47 ಎಂಬ ಪ್ರೋಟೀನು ಸವೆದಿರುವುದು. ಒಂದೇ ಗುರುತಿನಿಂದ ತೀರ್ಪಾಗುವುದಿಲ್ಲ. ಎಷ್ಟೋ ಗುರುತುಗಳು ಕೂಡಿದಾಗ ಕಣ ಭಕ್ಷಕ ಕೋಶದ ಪಾಲಾಗುತ್ತದೆ.

ಮೂರನೆಯದು ಬೀಜ ಬಿಡಿಸುವುದು. ಹುಣಸೆ ಸುಗ್ಗಿಯಲ್ಲಿ ಪಡಸಾಲೆಯಲ್ಲಿ ಕೂತು ಹಣ್ಣು ಕುಟ್ಟಿ, ತಿರುಳು ಕೆಡದಂತೆ ಬೀಜ ಹಾರಿಸುವ ಕೆಲಸವನ್ನು ಈ ಸೀಮೆಯವರಿಗೆ ವಿವರಿಸಬೇಕಿಲ್ಲ. ಗುಲ್ಮವೂ ಅದನ್ನೇ ಮಾಡುತ್ತದೆ. ಕಣದ ಮೆತ್ತನೆಯ ಭಾಗ ಸೀಳು ದಾಟಿ ಹೋಗುತ್ತದೆ. ಒಳಗಿನ ಗಟ್ಟಿ ಹರಳು ದಾಟಲಾರದೆ ಹಿಂದೆ ಉಳಿದು, ಕಣದಿಂದ ಕಿತ್ತು ಭಕ್ಷಕ ಕೋಶದ ಬಾಯಿಗೆ ಬೀಳುತ್ತದೆ. ಕಣ ಬದುಕಿ ಮುಂದೆ ಸಾಗುತ್ತದೆ. ಕೋಶಕೇಂದ್ರದ ಚೂರುಗಳಾದ ಹೋವೆಲ್-ಜಾಲಿ ಕಾಯಗಳು, ಕೆಟ್ಟ ಹಿಮೋಗ್ಲೋಬಿನ್‌ನ ಮುದ್ದೆಗಳಾದ ಹೈಂಜ್ ಕಾಯಗಳು, ಕಬ್ಬಿಣದ ಕಣಿಕೆಗಳು, ಕೆಲವೊಮ್ಮೆ ಮಲೇರಿಯಾ ಪರೋಪಜೀವಿ ಹೀಗೆ ಹೊರಬೀಳುತ್ತವೆ. ಆರ್ಟೆಸುನೇಟ್ ಮದ್ದು ಕೊಟ್ಟಾಗ ಸತ್ತ ಪರೋಪಜೀವಿಯನ್ನು ಗುಲ್ಮ ಹೀಗೆಯೇ ಕಿತ್ತು ಹಾಕುತ್ತದೆ. ಆದರೆ ಒಮ್ಮೆ ಗಾಯಗೊಂಡ ಆ ಕಣಗಳ ಆಯುಸ್ಸು ಕಡಿಮೆ. ಒಂದೆರಡು ವಾರ ಕಳೆದು ಅವು ಒಟ್ಟಿಗೆ ಒಡೆದು ಕೆಲವರಲ್ಲಿ ರಕ್ತ ದಿಢೀರನೆ ಇಳಿಯುವುದುಂಟು. ತೀವ್ರ ಮಲೇರಿಯಾದಿಂದ ಗುಣವಾದವರಿಗೆ ಮತ್ತೆ ರಕ್ತಪರೀಕ್ಷೆ ಮಾಡಿಸಲು ಹೇಳುವುದು ಈ ಕಾರಣಕ್ಕೆ.

ಕಬ್ಬಿಣದ ಮರುಬಳಕೆ

ಭಕ್ಷಕ ಕೋಶ ನುಂಗಿದ ಕಣದ ಹಿಮೋಗ್ಲೋಬಿನ್ ಒಡೆದು ಎರಡಾಗುತ್ತದೆ. ಗ್ಲೋಬಿನ್ ಭಾಗ ಅಮೈನೋ ಆಮ್ಲಗಳಾಗಿ ದೇಹದ ಸಾಮಾನ್ಯ ದಾಸ್ತಾನಿಗೆ ಸೇರುತ್ತದೆ. ಹೀಮ್ ಭಾಗದ ಉಂಗುರವನ್ನು ಕಿಣ್ವವೊಂದು ಕತ್ತರಿಸಿ ಕಬ್ಬಿಣವನ್ನು ಬೇರೆ ಮಾಡುತ್ತದೆ. ಉಳಿದ ಉಂಗುರ ಮೊದಲು ಹಸಿರು ಬಿಲಿವರ್ಡಿನ್, ಆಮೇಲೆ ಹಳದಿ ಬಿಲಿರುಬಿನ್. ಈ ಬಣ್ಣಗಳ ಸರದಿಯನ್ನು ಕಣ್ಣಾರೆ ನೋಡಬೇಕಾದರೆ ಬೈಕಿನಿಂದ ಬಿದ್ದವರ ತೊಡೆಯ ಕಂದಿದ ಜಾಗವನ್ನು ವಾರವಿಡೀ ಗಮನಿಸಿದರೆ ಸಾಕು: ಮೊದಲು ನೀಲಿಗಪ್ಪು, ಆಮೇಲೆ ಹಸಿರು, ಕೊನೆಗೆ ಹಳದಿ. ಗುಲ್ಮದೊಳಗೆ ಪ್ರತಿಕ್ಷಣ ನಡೆಯುವ ರಸಾಯನವೇ ಅಲ್ಲಿ ಚರ್ಮದಡಿ ನಡೆದಿರುತ್ತದೆ. ಬಿಲಿರುಬಿನ್ ಯಕೃತ್ತಿಗೆ ಹೋಗಿ, ಪಿತ್ತರಸದೊಡನೆ ಕರುಳಿಗೆ ಇಳಿದು ಮಲಕ್ಕೆ ಬಣ್ಣ ಕೊಡುತ್ತದೆ. ಕಣಗಳು ಮಿತಿಮೀರಿ ಒಡೆದಾಗ ಯಕೃತ್ತು ಅದನ್ನೆಲ್ಲ ಸಾಗಿಸಲಾಗದೆ ಕಣ್ಣು ಹಳದಿಯಾಗುತ್ತದೆ. ಕಾಮಾಲೆ ಎಂದರೆ ಯಕೃತ್ತಿನ ರೋಗವೇ ಆಗಬೇಕೆಂದಿಲ್ಲ ಎಂಬುದಕ್ಕೆ ಇದು ಕಾರಣ.

ಬೇರೆಯಾದ ಕಬ್ಬಿಣ ಟ್ರಾನ್ಸ್‌ಫೆರಿನ್ ಎಂಬ ವಾಹಕದ ಮೇಲೇರಿ ಮಜ್ಜೆಗೆ ಮರಳುತ್ತದೆ. ದಿನಕ್ಕೆ ಹೀಗೆ ಮರಳುವ ಕಬ್ಬಿಣ 20ರಿಂದ 25 ಮಿಲಿಗ್ರಾಂ. ಊಟದಿಂದ ದೇಹ ಹೀರುವುದು ಒಂದೆರಡು ಮಿಲಿಗ್ರಾಂ ಅಷ್ಟೆ. ಅಂದರೆ ಹೊಸ ರಕ್ತಕ್ಕೆ ಬೇಕಾದ ಕಬ್ಬಿಣದಲ್ಲಿ ಬಹುಪಾಲು ಹಳೆಯ ರಕ್ತದ್ದೇ. ಆ ಒಂದೆರಡು ಮಿಲಿಗ್ರಾಂ ವರ್ಷಗಟ್ಟಲೆ ಸಿಗದಿದ್ದರೆ, ಜೊತೆಗೆ ಮುಟ್ಟು, ಹೆರಿಗೆ, ಕೊಕ್ಕೆಹುಳುಗಳ ದಾರಿಯಲ್ಲಿ ರಕ್ತ ಹೊರಹೋದರೆ, ಮರುಬಳಕೆ ಎಷ್ಟು ಚೊಕ್ಕವಾಗಿದ್ದರೂ ದಾಸ್ತಾನು ಬರಿದಾಗುತ್ತದೆ.

ಸಂಗ್ರಹ

ಕುರಿ, ಕುದುರೆ, ನಾಯಿಗಳ ಗುಲ್ಮದ ಪೊರೆಯಲ್ಲಿ ಸ್ನಾಯು ಹೆಚ್ಚು. ಬೆದರಿದಾಗ, ಓಡುವಾಗ ಅದು ಹಿಂಡಿಕೊಂಡು ಕೂಡಿಟ್ಟ ಕೆಂಪು ಕಣಗಳನ್ನು ರಕ್ತಕ್ಕೆ ಬಿಡುತ್ತದೆ. ಹಟ್ಟಿಯಿಂದ ಎಳೆದು ತಂದು ಹಿಡಿದ ಕುರಿಯ ರಕ್ತವನ್ನು ಆಗಲೇ ಪರೀಕ್ಷಿಸಿದರೆ ಕಣಗಳ ಪ್ರಮಾಣ ಇರುವುದಕ್ಕಿಂತ ಹೆಚ್ಚಾಗಿ ಕಾಣುವುದು ಇದರಿಂದ. ಬಳ್ಳಾರಿ ಎಂಬ ಹೆಸರಿನ ಕುರಿ ತಳಿಯೇ ಇರುವ ಸೀಮೆಯಲ್ಲಿ ಪಶುವೈದ್ಯರಿಗೆ ಇದು ಉಪಯೋಗದ ಮಾತು. ಮನುಷ್ಯರ ಗುಲ್ಮದಲ್ಲಿ ಇಂಥ ಕಣಜ ಚಿಕ್ಕದು. ಕೆಂಪು ಕಣಕ್ಕಿಂತ ಪ್ಲೇಟ್‌ಲೆಟ್‌ಗಳ ಸಂಗ್ರಹ ಹೆಚ್ಚು, ದೇಹದ ಒಟ್ಟು ಪ್ಲೇಟ್‌ಲೆಟ್‌ಗಳಲ್ಲಿ ಮೂರನೆಯ ಒಂದು ಪಾಲು ಅಲ್ಲಿರುತ್ತದೆ. ಆದರೂ ಕಡಲಾಳಕ್ಕೆ ಉಸಿರು ಹಿಡಿದು ಧುಮುಕಿ ಬದುಕುವ ಇಂಡೋನೇಷ್ಯಾದ ಬಜಾವು ಜನರ ಗುಲ್ಮ ನೆರೆಯ ಬೇಸಾಯಗಾರರದ್ದಕ್ಕಿಂತ ಸುಮಾರು ಅರ್ಧದಷ್ಟು ದೊಡ್ಡದು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ದನಕುರಿಗಳ ಗುಲ್ಮ ರೋಗದ ಗುರುತೂ ಹೌದು. ನೆರಡಿ (ಆಂಥ್ರಾಕ್ಸ್) ರೋಗದಲ್ಲಿ ಅದು ಹಲವು ಪಟ್ಟು ಉಬ್ಬಿ, ಒಳಗೆ ಡಾಂಬರಿನಂತೆ ಕಪ್ಪಾಗುತ್ತದೆ. ಆದರೆ ನೆರಡಿಯ ಅನುಮಾನವಿರುವ ಕಳೇಬರವನ್ನು ಕೊಯ್ದು ನೋಡಲೇಬಾರದು. ಗಾಳಿ ತಾಗಿದ ರೋಗಾಣು ಬೀಜಕಗಳಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ, ಕೊಯ್ದವರ ಕೈಗೂ ಹತ್ತುತ್ತದೆ.

ಅರಿವಿನ ಇತಿಹಾಸ

ಗುಲ್ಮದ ರಚನೆ ಮತ್ತು ಉಪಯೋಗ ಕುರಿತ ಪ್ರಬಂಧಕ್ಕೆ ಲಂಡನ್ನಿನ ಹೆನ್ರಿ ಗ್ರೇ 1853ರಲ್ಲಿ ಬಹುಮಾನ ಪಡೆದ. ಮುಂದೆ ಅವನ ಹೆಸರಿನ ಅಂಗರಚನಾ ಗ್ರಂಥ ಜಗತ್ತಿನ ಪಠ್ಯವಾಯಿತು. ವಿಲಿಯಂ ಹೋವೆಲ್ 1890ರಲ್ಲಿ, ಜಸ್ಟಿನ್ ಜಾಲಿ 1905ರಲ್ಲಿ ಕಣದೊಳಗಿನ ಚೂರುಗಳನ್ನು ವರ್ಣಿಸಿದರು. ಕಣಗಳು ಹುಟ್ಟಿನಿಂದಲೇ ಗುಂಡಾಗಿರುವ ವಂಶವಾಹಿ ಕಾಯಿಲೆಯನ್ನು (ಗುಂಡುಕಣ ರೋಗ) ಆಸ್ಕರ್ ಮಿಂಕೋವ್ಸ್ಕಿ 1900ರಲ್ಲಿ ವಿವರಿಸಿದ. ಗುಲ್ಮ ತೆಗೆದರೆ ಈ ರೋಗಿಗಳ ರಕ್ತ ಚೇತರಿಸಿಕೊಳ್ಳುತ್ತದೆ ಎಂಬ ಅನುಭವದಿಂದ ಗುಲ್ಮದ ಜರಡಿಗೆಲಸ ಸ್ಪಷ್ಟವಾಗುತ್ತ ಬಂತು.

ಭಾರತದ ಕೊಡುಗೆ ಬೇರೊಂದು ದಿಕ್ಕಿನಿಂದ ಬಂತು. 1845–47ರಲ್ಲಿ ಯಮುನಾ ಕಾಲುವೆಗಳ ದಂಡೆಯ ಊರುಗಳಲ್ಲಿ ಜ್ವರ ಹೆಚ್ಚಿತೇ ಎಂದು ತಿಳಿಯಲು ನೇಮಕವಾದ ಸಮಿತಿಯಲ್ಲಿ ಶಸ್ತ್ರವೈದ್ಯ ಡೆಂಪ್‌ಸ್ಟರ್ ಒಂದು ಸರಳ ಉಪಾಯ ಹೂಡಿದ. ಜನರ ಹೊಟ್ಟೆಯ ಎಡಭಾಗ ಒತ್ತಿ ನೋಡಿ, ಎಷ್ಟು ಮಂದಿಯಲ್ಲಿ ಗುಲ್ಮ ಕೈಗೆ ಸಿಗುತ್ತದೆ ಎಂದು ಎಣಿಸುವುದು. ‘ಗುಲ್ಮ ದರ’ ಎಂಬ ಅಳತೆ ಹುಟ್ಟಿದ್ದು ಹೀಗೆ. ಸೊಳ್ಳೆಗೂ ಮಲೇರಿಯಾಕ್ಕೂ ನಂಟು ಗೊತ್ತಾಗುವುದಕ್ಕೆ ಅರ್ಧ ಶತಮಾನ ಮೊದಲು. ಆ ನಂಟನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಬಿಡಿಸಿದ ರೊನಾಲ್ಡ್ ರಾಸ್, 1895ರಲ್ಲಿ ಕಾಲರಾ ಕೆಲಸಕ್ಕಾಗಿ ಬೆಂಗಳೂರಿನಲ್ಲಿದ್ದವನು. 1903ರಲ್ಲಿ ಮದ್ರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ ಚಾರ್ಲ್ಸ್ ಡೊನೊವನ್, ರೋಗಿಗಳ ಗುಲ್ಮದಿಂದ ತೆಗೆದ ಹನಿಯಲ್ಲಿ ಕಾಲಾ ಅಜಾರ್ ಜ್ವರದ ಪರೋಪಜೀವಿಯನ್ನು ಕಂಡ. ಅದೇ ವರ್ಷ ವಿಲಿಯಂ ಲೀಶ್‌ಮನ್ ಸ್ವತಂತ್ರವಾಗಿ ಅದನ್ನು ವರ್ಣಿಸಿದ್ದ. ಪರೋಪಜೀವಿಗೆ ಇಬ್ಬರ ಹೆಸರೂ ಸೇರಿತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಆಗ ಇದೇ ಮದ್ರಾಸ್ ಪ್ರೆಸಿಡೆನ್ಸಿಯ ಒಳಗಿದ್ದವು.

ಹಿಗ್ಗಿದ ಗುಲ್ಮ ಸಣ್ಣ ಪೆಟ್ಟಿಗೂ ಒಡೆಯುತ್ತದೆ ಎಂಬ ವೈದ್ಯಕೀಯ ಸತ್ಯ ವಸಾಹತು ಕಾಲದ ನ್ಯಾಯಾಲಯಗಳಲ್ಲಿ ಬಿಳಿಯರಿಗೆ ಗುರಾಣಿಯೂ ಆಯಿತು. ಆಗ್ರಾದ ವಕೀಲ ಫುಲ್ಲರ್ ಹೊಡೆದ ಪೆಟ್ಟಿಗೆ ಅವನ ಕುದುರೆಯಾಳು ಗುಲ್ಮ ಒಡೆದು ಸತ್ತ. ಫುಲ್ಲರ್‌ಗೆ ಬಿದ್ದದ್ದು 30 ರೂಪಾಯಿ ದಂಡ. ವೈಸ್‌ರಾಯ್ ಲಿಟ್ಟನ್ 1876ರಲ್ಲಿ ಈ ತೀರ್ಪನ್ನು ಬಹಿರಂಗವಾಗಿ ಟೀಕಿಸಬೇಕಾಯಿತು.

ಗುಲ್ಮ ಹಿಗ್ಗುವ ಕಾಯಿಲೆಗಳು

ಕೆಟ್ಟ ಕಣಗಳು ಹೆಚ್ಚಿದಷ್ಟೂ ಜರಡಿ ದೊಡ್ಡದಾಗುತ್ತದೆ. ದೊಡ್ಡದಾದ ಜರಡಿ ಒಳ್ಳೆಯ ಕಣಗಳನ್ನೂ ಹಿಡಿದಿಟ್ಟು ರಕ್ತಹೀನತೆ ಹೆಚ್ಚಿಸುತ್ತದೆ. ಕಾರಣಗಳಲ್ಲಿ ಮುಖ್ಯವಾದವು ಇವು.

ಮಲೇರಿಯಾ: ಪರೋಪಜೀವಿ ಹೊಕ್ಕ ಕಣ ಬಿರುಸಾಗುವುದರಿಂದ ಗುಲ್ಮದಲ್ಲಿ ಸಿಕ್ಕಿಬೀಳುತ್ತದೆ. ವೈವ್ಯಾಕ್ಸ್ ಬಗೆಯ ಪರೋಪಜೀವಿಗೆ ಎಳೆಯ ಕಣಗಳೇ ಇಷ್ಟ, ಎಳೆಯ ಕಣಗಳು ತಂಗುವುದೂ ಗುಲ್ಮದಲ್ಲೇ. ರೋಗಲಕ್ಷಣವಿಲ್ಲದವರ ಗುಲ್ಮದಲ್ಲೂ ರಕ್ತದಲ್ಲಿರುವುದಕ್ಕಿಂತ ಬಹಳ ಹೆಚ್ಚು ಪರೋಪಜೀವಿಗಳು ಅಡಗಿರುತ್ತವೆ ಎಂದು ಇಂಡೋನೇಷ್ಯಾದ ಪಪುವಾ ಪ್ರಾಂತ್ಯದ ಅಧ್ಯಯನಗಳು 2021ರಲ್ಲಿ ತೋರಿಸಿದವು.

ಥಲಸೀಮಿಯಾ: ಗ್ಲೋಬಿನ್ ಸರಪಳಿಗಳ ಸಮತೋಲ ತಪ್ಪಿ, ಕಣಗಳು ಮಜ್ಜೆಯಲ್ಲೂ ಗುಲ್ಮದಲ್ಲೂ ಹಾಳಾಗುವ ವಂಶವಾಹಿ ಕಾಯಿಲೆ. ತಾಯಿ ತಂದೆ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ಶೇ. 25. ಸೋದರಮಾವ, ಅತ್ತೆಮಗ ಎಂದು ಹತ್ತಿರದ ನಂಟಿನೊಳಗೇ ಮದುವೆಯಾಗುವ ಕುಟುಂಬಗಳಲ್ಲಿ ಇಂಥ ಕಾಯಿಲೆಗಳ ಸಂಭವ ಹೆಚ್ಚು.

ಕುಡುಗೋಲು ಕಣ ರೋಗ: ಕಣಗಳು ಕುಡುಗೋಲಿನಂತೆ ಬಾಗಿ ನಾಳಗಳನ್ನು ಮುಚ್ಚುತ್ತವೆ. ಎಳವೆಯಲ್ಲಿ ಹಿಗ್ಗುವ ಗುಲ್ಮ ತನ್ನದೇ ರಕ್ತ ಸಿಗದೆ ಕ್ರಮೇಣ ಬತ್ತಿ ನಾರಾಗುತ್ತದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು ನೀಲಗಿರಿಯ ಬುಡಕಟ್ಟುಗಳಲ್ಲಿ, 1952ರಲ್ಲಿ. ಕರ್ನಾಟಕದಲ್ಲಿ ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಸಮುದಾಯಗಳಲ್ಲಿ ಕಾಣುತ್ತದೆ. ಇದರ ನಿರ್ಮೂಲನೆಯ ರಾಷ್ಟ್ರೀಯ ಕಾರ್ಯಕ್ರಮ 2023ರ ಜುಲೈ 1ರಂದು ಆರಂಭವಾಯಿತು.

ಜಿ6ಪಿಡಿ ಕೊರತೆ: ಈ ಕಿಣ್ವ ಕಡಿಮೆಯಿರುವವರು ಕೆಲವು ಮದ್ದು ತೆಗೆದುಕೊಂಡಾಗ ಹಿಮೋಗ್ಲೋಬಿನ್ ಮುದ್ದೆಗಟ್ಟುತ್ತದೆ. ಗುಲ್ಮ ಆ ಮುದ್ದೆಯನ್ನು ಕಿತ್ತ ಕಣ ಸೂಕ್ಷ್ಮದರ್ಶಕದಲ್ಲಿ ಒಂದು ಪಕ್ಕ ಕಚ್ಚಿದ ರೊಟ್ಟಿಯಂತೆ ಕಾಣುತ್ತದೆ.

ಇವಲ್ಲದೆ ಯಕೃತ್ತು ಗಟ್ಟಿಯಾಗಿ ರಕ್ತ ಹಿಂದೊತ್ತುವುದು, ಟೈಫಾಯ್ಡ್‌ನಂಥ ಸೋಂಕುಗಳು, ಕೆಲವು ರಕ್ತ ಕ್ಯಾನ್ಸರ್‌ಗಳು ಗುಲ್ಮವನ್ನು ಹಿಗ್ಗಿಸುತ್ತವೆ. ಕಬ್ಬಿಣದ ಕೊರತೆಯೊಂದರಿಂದಲೇ ಗುಲ್ಮ ದೊಡ್ಡದಾಗುವುದು ಸಾಮಾನ್ಯವಲ್ಲ.

ಪಶ್ಚಿಮ ತಾಲ್ಲೂಕುಗಳಲ್ಲಿ

ನಿಂತ ನೀರು ಮತ್ತು ಗುಲ್ಮದ ನಂಟು ಹಳೆಯ ಮೈಸೂರು ಸೀಮೆಯಲ್ಲಿ ಚೆನ್ನಾಗಿ ದಾಖಲಾಗಿದೆ. ಮಂಡ್ಯದ ಇರ್ವಿನ್ ನಾಲೆ ಹರಿದ ಮೇಲೆ ಅಲ್ಲಿ ಮಲೇರಿಯಾ ದೊಡ್ಡ ಸಮಸ್ಯೆಯಾಯಿತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರಿನಲ್ಲಿ ಸಂಶೋಧನೆ ನಡೆಸಿದ ಸ್ವೀಟ್, ಬಿ.ಎ. ರಾವ್ ಜೊತೆ 1937ರಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಒಂದು ಬಗೆಯನ್ನು ವರ್ಣಿಸಿ ‘ಮೈಸೋರೆನ್ಸಿಸ್’ ಎಂದು ಹೆಸರಿಟ್ಟರು. ಇತ್ತ ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತ 1953ರಲ್ಲೇ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ ಶುರುವಾದದ್ದು ಕಾಲದ ಕೂಡಿಕೆ. ಡಿಡಿಟಿ ಸಿಂಪಡಣೆಯಿಂದ 1960ರ ದಶಕದ ನಡುವಿಗೆ ದೇಶದಲ್ಲಿ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿದು, 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿತು; ಆಮೇಲಿನ ದಶಕಗಳಲ್ಲಿ ಇಳಿಯುತ್ತ ಬಂದಿದೆ. ಜ್ವರಗಡ್ಡೆ ಹೊತ್ತ ಮಕ್ಕಳು ಊರಿಗಿಷ್ಟು ಎಂದು ಎಣಿಸುವ ಕಾಲ ಈಗಿಲ್ಲ.

ಆದರೆ ಮಲೇರಿಯಾ ಬರುವ ದಾರಿ ಬದಲಾಗಿದೆ. ಬರ ಬಿದ್ದಾಗ ಈ ಸೀಮೆಯಿಂದ ಕಾಫಿ ತೋಟ, ಕಬ್ಬಿನ ಗದ್ದೆ, ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರಿದ್ದಾರೆ. 2010ರ ದಶಕದಲ್ಲಿ ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ಮಂಗಳೂರಿನ ಸುತ್ತಮುತ್ತಲದ್ದು. ಕಟ್ಟಡ ಕಾರ್ಮಿಕರು ಅಲ್ಲಿ ಹೆಚ್ಚು ತುತ್ತಾದರು. ವೈವ್ಯಾಕ್ಸ್ ಪರೋಪಜೀವಿ ಯಕೃತ್ತಿನಲ್ಲಿ ಮಲಗಿದ್ದು, ಊರಿಗೆ ಮರಳಿ ತಿಂಗಳುಗಳಾದ ಮೇಲೂ ಎದ್ದು ಬರಬಲ್ಲದು. ಚಳಿಜ್ವರ ಬಂದವರನ್ನು ‘ಎಲ್ಲಿಗೆ ದುಡಿಯಲು ಹೋಗಿದ್ದಿರಿ?’ ಎಂದು ಕೇಳುವುದು ಇಲ್ಲಿ ರೋಗನಿದಾನದ ಮೊದಲ ಪ್ರಶ್ನೆಯಾಗಬೇಕು. ಮಲಗಿದ ಪರೋಪಜೀವಿಯನ್ನು ಕೊಲ್ಲುವ ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನ ಪೂರ್ತಿ ನುಂಗಬೇಕು. ಜ್ವರ ಬಿಟ್ಟ ಮೂರನೆಯ ದಿನವೇ ನಿಲ್ಲಿಸಿದರೆ ಗುಲ್ಮಕ್ಕೆ ಮತ್ತೆ ಅದೇ ದುಡಿಮೆ. ಬಸುರಿಯರಿಗೆ ಈ ಮಾತ್ರೆ ಕೊಡುವುದಿಲ್ಲ. ಮೂತ್ರ ಕಪ್ಪು ಕಾಫಿಯಂತಾದರೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರ ಬಳಿ ಹೋಗಬೇಕು. ಅದು ಜಿ6ಪಿಡಿ ಕೊರತೆಯ ಸೂಚನೆಯಿರಬಹುದು.

ಮಲೇರಿಯಾದ ನಂತರ ಎರಡನೆಯದು ‘ರಕ್ತ ಕಡಿಮೆ ಐತಿ’ ಎಂಬ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ. ಪಕ್ಕದ ಸಂಡೂರಿನ ಗುಡ್ಡಗಳಿಂದ ಕಬ್ಬಿಣದ ಅದಿರು ಲಾರಿಗಟ್ಟಲೆ ಹೋಗುವ ನಾಡಿನ ಲೆಕ್ಕ ಇದು. ಬಹುಪಾಲು ಕಬ್ಬಿಣದ ಕೊರತೆಯದ್ದು. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ, ಬಸುರಿಯರಿಗೆ ದಿನಾ ಕೊಡುವ ಕೆಂಪು ಮಾತ್ರೆ ಅದಕ್ಕೇ ಇವೆ. ಆದರೆ ಬಿಳಿಚಿದ ಮಗುವಿನ ಕಣ್ಣು ಹಳದಿಯಿದ್ದರೆ, ಎಡ ಪಕ್ಕೆಯ ಕೆಳಗೆ ಗಡ್ಡೆ ಸಿಕ್ಕರೆ ಅದು ಬೇರೆ ಜಾತಿಯ ರಕ್ತಹೀನತೆ: ಕಣ ಹುಟ್ಟುವಲ್ಲಿ ಕೊರತೆಯಿಲ್ಲದೆ ಸಾಯುವಲ್ಲಿ ಅವಸರವಾಗಿರುವುದು. ಅಂಥ ಮಗುವಿಗೆ ಪರೀಕ್ಷೆಯಿಲ್ಲದೆ ಕಬ್ಬಿಣ ಕೊಡುತ್ತ ಹೋದರೆ ಗುಣವಿಲ್ಲ. ಥಲಸೀಮಿಯಾ ಇದ್ದರಂತೂ ಈಗಾಗಲೇ ಹೆಚ್ಚಿರುವ ಕಬ್ಬಿಣ ಹೃದಯ, ಯಕೃತ್ತುಗಳಲ್ಲಿ ಮತ್ತಷ್ಟು ತುಂಬುತ್ತದೆ.

ತಪಾಸಣೆ

ಸಹಜ ಗಾತ್ರದ ಗುಲ್ಮ ಕೈಗೆ ಸಿಗದು. ಎರಡು ಮೂರು ಪಟ್ಟು ಬೆಳೆದ ಮೇಲಷ್ಟೇ ಪಕ್ಕೆಯಿಂದ ಕೆಳಗಿಳಿಯುತ್ತದೆ. ವೈದ್ಯರು ರೋಗಿಯನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಚಿಸಿ, ಎಡಗೈಯನ್ನು ಬೆನ್ನ ಪಕ್ಕೆಗೆ ಆನಿಸಿ, ಬಲಗೈ ಬೆರಳುಗಳನ್ನು ಬಲ ಕಿಬ್ಬೊಟ್ಟೆಯಿಂದ ಎಡ ಪಕ್ಕೆಯ ಕಡೆಗೆ ಮೆಲ್ಲಗೆ ಸರಿಸುತ್ತಾರೆ. ‘ಉಸಿರು ಎಳಕೊಳ್ರಿ’ ಎಂದಾಗ ವಪೆ ಕೆಳಗೊತ್ತಿ ಗುಲ್ಮದ ಅಂಚು ಬೆರಳಿಗೆ ತಾಗುತ್ತದೆ, ಅಂಚಿನಲ್ಲೊಂದು ಕಚ್ಚೂ ಸಿಗಬಹುದು. ಕೆಳಗಿನಿಂದಲೇ ಆರಂಭಿಸುವುದೇಕೆಂದರೆ, ಭಾರಿ ಗುಲ್ಮ ಹೊಕ್ಕುಳು ದಾಟಿ ಬಲಕ್ಕೆ ಬಂದಿದ್ದರೆ ಪಕ್ಕೆಯ ಬುಡದಲ್ಲಿ ಹುಡುಕುವ ಕೈಗೆ ಅದರ ಅಂಚೇ ಸಿಗುವುದಿಲ್ಲ. ಮುಂದಿನ ಹಂತ ರಕ್ತಲೇಪದ ಪರೀಕ್ಷೆ, ಎಳೆಯ ಕಣಗಳ ಎಣಿಕೆ, ಹಿಮೋಗ್ಲೋಬಿನ್ ಬಗೆಗಳ ಪರೀಕ್ಷೆ, ಅಲ್ಟ್ರಾಸೌಂಡ್. ತಾಲ್ಲೂಕು ಆಸ್ಪತ್ರೆಯ ಆಚೆಗಿನ ತಪಾಸಣೆಗೆ ಈ ಭಾಗದವರು 1961ರಲ್ಲಿ ಆರಂಭವಾದ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ, ಹರಪನಹಳ್ಳಿ ಕಡೆಯವರು ದಾವಣಗೆರೆಗೋ, ಹಡಗಲಿ ಕಡೆಯವರು ಹುಬ್ಬಳ್ಳಿಗೋ ಹೋಗುವುದು ರೂಢಿ. ಕಾಮಾಲೆಗೆ, ಗಡ್ಡೆಗೆ ಹೊಟ್ಟೆಯ ಮೇಲೆ ಬರೆ ಹಾಕಿಸುವ ಪದ್ಧತಿಯಿಂದ ಗುಲ್ಮಕ್ಕೆ ಯಾವ ಉಪಯೋಗವೂ ಇಲ್ಲ. ಸುಟ್ಟ ಗಾಯ ಕೀವಾಗುವುದೊಂದೇ ಅದರ ಫಲ.

ಗುಲ್ಮವಿಲ್ಲದ ಬದುಕು

ಗುಲ್ಮವಿಲ್ಲದೆಯೂ ಬದುಕಬಹುದು. ಬೈಕ್, ಟ್ರ್ಯಾಕ್ಟರ್ ಅಪಘಾತದಲ್ಲಿ ಗುಲ್ಮ ಒಡೆದು ರಕ್ತಸ್ರಾವ ನಿಲ್ಲದಾಗ, ಗುಂಡುಕಣ ರೋಗ ಅಥವಾ ಥಲಸೀಮಿಯಾದ ಕೆಲವು ಸಂದರ್ಭಗಳಲ್ಲಿ ಅದನ್ನು ತೆಗೆಯುತ್ತಾರೆ. ಅಪಘಾತದ ನಂತರ ಹೊಟ್ಟೆನೋವಿನ ಜೊತೆ ಎಡ ಭುಜ ನೋಯತೊಡಗಿದರೆ ಗುಲ್ಮದ ಗಾಯವನ್ನು ಶಂಕಿಸಬೇಕು. ತೆಗೆದ ಮೇಲೆ ಸಹಜ ಕೆಂಪು ಕಣಗಳ ಆಯುಸ್ಸು ಎದ್ದು ಕಾಣುವಷ್ಟು ಬದಲಾಗುವುದಿಲ್ಲ, ಯಕೃತ್ತು ಹೆಚ್ಚಿನ ಕೆಲಸ ವಹಿಸಿಕೊಳ್ಳುತ್ತದೆ. ಆದರೆ ಬೀಜ ಬಿಡಿಸುವ ಕೈ ಇಲ್ಲವಾಗಿ ಹೋವೆಲ್-ಜಾಲಿ ಚೂರುಗಳು ಕಣದೊಳಗೇ ಉಳಿಯುತ್ತವೆ. ರಕ್ತಲೇಪದಲ್ಲಿ ಅವು ಕಂಡರೆ ಗುಲ್ಮ ಇಲ್ಲ, ಅಥವಾ ಇದ್ದರೂ ದುಡಿಯುತ್ತಿಲ್ಲ ಎಂದರ್ಥ. ದೊಡ್ಡ ಅಪಾಯ ಸೋಂಕಿನದು. ಗುಲ್ಮ ತೆಗೆದ ಎಳೆಯ ಮಕ್ಕಳಲ್ಲಿ ಮಾರಕ ಸೋಂಕುಗಳನ್ನು ಅಮೆರಿಕದ ಕಿಂಗ್ ಮತ್ತು ಶುಮಾಕರ್ 1952ರಲ್ಲಿ ವರದಿ ಮಾಡಿದ ಮೇಲೆ ವೈದ್ಯಲೋಕ ಎಚ್ಚೆತ್ತಿತು. ಅಂದಿನಿಂದ ಆದಷ್ಟು ಮಟ್ಟಿಗೆ ಗುಲ್ಮವನ್ನು ಉಳಿಸಿಕೊಳ್ಳುವುದು, ಮಕ್ಕಳಲ್ಲಿ ಐದಾರು ವರ್ಷ ತುಂಬುವವರೆಗೆ ಶಸ್ತ್ರಚಿಕಿತ್ಸೆ ಮುಂದೂಡುವುದು, ಯೋಜಿತ ಶಸ್ತ್ರಚಿಕಿತ್ಸೆಗೆ ಕನಿಷ್ಠ ಎರಡು ವಾರ ಮೊದಲು ನ್ಯೂಮೊಕಾಕಸ್, ಮೆನಿಂಗೊಕಾಕಸ್, ಹಿಬ್ ಲಸಿಕೆಗಳನ್ನು ಕೊಡುವುದು ಕ್ರಮವಾಗಿದೆ. ಗುಲ್ಮವಿಲ್ಲದವರಿಗೆ ಮಲೇರಿಯಾ ಉಗ್ರವಾಗಬಹುದು. ಗುಳೆ ಹೋಗುವವರಾಗಿದ್ದರೆ ಸೊಳ್ಳೆಪರದೆಯನ್ನು ಗಂಟಿನಲ್ಲಿ ಕಟ್ಟಿಕೊಂಡೇ ಹೊರಡಬೇಕು. ಜ್ವರ ಯಾವುದೇ ಇರಲಿ, ಬಂದ ದಿನವೇ ಆಸ್ಪತ್ರೆ ಸೇರಿ ‘ನನಗೆ ಗುಲ್ಮ ಇಲ್ಲ’ ಎಂದು ಮೊದಲು ಹೇಳಬೇಕು.